ಎಂಜಿನ್ನನ್ನು ಮಗ್ಗುಲಲ್ಲಿ ಕೂರಿಸಿಕೊಂಡ ಗಾಡಿ

ಟೊಮೆಟೊ ಹಂಗಾಮು ಜೋರಾಗಿರುವಾಗ ನಾಶಿಕ್ ಜಿಲ್ಲೆ ನಿಫಾಡ್ ತಾಲ್ಲೂಕಿನ ಪಿಂಪಳಗಾಂವ್ ಬಸವಂತದ ಮಾರುಕಟ್ಟೆಗೆ ಹೋದರೆ ಕಾಲಿಡಲು ಜಾಗ ಸಿಗುವುದಿಲ್ಲ. ಕ್ರೇಟು ಪೇರಿಸಿಕೊಂಡ ಪಿಕಪ್‌ಗಳು ಒಂದರ ಬಾಲಕ್ಕೊಂದು ಮೂಗು ತಾಗಿಸಿ ನಿಂತಿರುತ್ತವೆ. ಅದೇ ನಿಫಾಡ್ ತಾಲ್ಲೂಕಿನ ಲಾಸಲಗಾಂವ್‌ಗೆ ಹೋದರೆ ಕ್ರೇಟಿನ ಬದಲು ಈರುಳ್ಳಿ, ಮಾಘ ಕಳೆದ ಮೇಲೆ ಎಲ್ಲೆಲ್ಲೂ ದ್ರಾಕ್ಷಿ. ಗಾಡಿಗಳು ಮಾತ್ರ ಅವೇ, ಬಹುಪಾಲು ಬಿಳಿ ಬೊಲೆರೊ ಪಿಕಪ್‌ಗಳು. ಇವುಗಳ ವಂಶದ ಹಿರಿಯ ಯಾರು ಎಂದು ಚಾಲಕರನ್ನು ಕೇಳಿ ನೋಡಿ. ಹುಡುಗರು ನಕ್ಕು ಸುಮ್ಮನಾಗುತ್ತಾರೆ. ತಲೆ ನರೆತವರು ಟಾಟಾ 407 ಅನ್ನುತ್ತಾರೆ. ಅದಕ್ಕೂ ಹಿಂದಿನ ಒಂದು ಹೆಸರು ಯಾರ ಬಾಯಿಗೂ ಬರುವುದಿಲ್ಲ.

ಆ ಹೆಸರಿನ ಗಾಡಿ ನನಗೆ ಕಂಡದ್ದು ಓಝರ್ ಹತ್ತಿರದ ಒಂದು ದ್ರಾಕ್ಷಿ ತೋಟದ ತಗಡಿನ ಶೆಡ್ಡಿನಲ್ಲಿ. ಓಝರ್ ಕೂಡ ನಿಫಾಡ್ ತಾಲ್ಲೂಕೇ. 1964ರಲ್ಲಿ ಮಿಗ್ ವಿಮಾನಗಳಿಗಾಗಿ ಅಲ್ಲಿ ಎಚ್‌ಎಎಲ್ ಕಾರ್ಖಾನೆ ಶುರುವಾಯಿತು. ಎಚ್‌ಎಎಲ್‌ನ ಮುಖ್ಯ ಕಚೇರಿ ಬೆಂಗಳೂರಿನಲ್ಲಿರುವುದರಿಂದ ವರ್ಗವಾಗಿ ಬಂದು ಅಲ್ಲೇ ಉಳಿದುಬಿಟ್ಟ ಕನ್ನಡಿಗರು ಓಝರ್‌ನಲ್ಲಿ ಸಿಗುತ್ತಾರೆ. ಶೆಡ್ಡಿನ ಯಜಮಾನರೂ ಅಂಥವರೇ. ಧಾರವಾಡದ ಕಡೆಯವರು, ಫಿಟ್ಟರ್ ಆಗಿ ನಿವೃತ್ತರು. ಸುತ್ತಮುತ್ತಲಿನವರಿಗೆಲ್ಲ ಕಾಕಾ, ನನಗೂ ಕಾಕಾ. ಗುಜರಿಯವನ ಕೈಗೆ ಹೊರಟಿದ್ದ ಗಾಡಿಯೊಂದನ್ನು ಕೊಂಡು ತಂದು ಮನೆಯಂಗಳದಲ್ಲೇ ಬಿಚ್ಚಿ ಕಟ್ಟುತ್ತಿದ್ದರು.

ಮುಂದೆ ಮೂತಿಯೇ ಇಲ್ಲದ ಗಾಡಿ ಅದು. ಗಾಜು, ಅದರ ಕೆಳಗೆ ಎರಡು ದೀಪ, ಅಲ್ಲಿಗೆ ಮುಖ ಮುಗಿಯಿತು. ಬಾನೆಟ್ ಎಲ್ಲಿ ಎಂದು ಹುಡುಕಿದೆ. ಕಾಕಾ ಬಾಗಿಲು ತೆಗೆದು ಒಳಗೆ ತೋರಿಸಿದರು. ಚಾಲಕನ ಸೀಟಿಗೂ ಪಕ್ಕದ ಸೀಟಿಗೂ ನಡುವೆ ಮೊಣಕಾಲೆತ್ತರದ ತಗಡಿನ ಡಬ್ಬ. ಕ್ಲಿಪ್ಪು ಬಿಚ್ಚಿ ಎತ್ತಿದರೆ ಎಂಜಿನ್ನು.

‘ಇದು ಮಾರುತಿ ಅಲ್ಲ ತಮ್ಮಾ. ಇದರ ಎಂಜಿನ್ನು ನಿನ್ನ ಮಗ್ಗಲಾಗ ಕುಂತು ಬರತೈತಿ. ಬ್ಯಾಸಗ್ಯಾಗ ತೊಡಿ ಸುಡತೈತಿ, ಥಂಡ್ಯಾಗ ಛಲೋ’ ಎಂದರು. ಥಂಡಿಯ ಮಾತು ಸುಳ್ಳಲ್ಲ. ಚಳಿಗಾಲದಲ್ಲಿ ಮಹಾರಾಷ್ಟ್ರದಲ್ಲೇ ಕಡಿಮೆ ತಾಪಮಾನ ದಾಖಲಾದ ಊರು ಎಂದು ನಿಫಾಡ್ ಆಗಾಗ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಗಾಡಿಯ ಹೆಸರು ಎಫ್‌ಸಿ, ಅಂದರೆ ಫಾರ್ವರ್ಡ್ ಕಂಟ್ರೋಲ್. ಅದರ ಹುಟ್ಟೂರು ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ. ಯುದ್ಧಕಾಲದಲ್ಲಿ ಜೀಪು ಮಾಡಿ ಹೆಸರು ಗಳಿಸಿದ್ದ ವಿಲ್ಲಿಸ್ ಕಂಪನಿ ಐವತ್ತರ ದಶಕದಲ್ಲಿ, ಚಿಕ್ಕ ಜಾಗದಲ್ಲಿ ದೊಡ್ಡ ಹೊರೆ ಹೊರುವ ಗಾಡಿ ಬೇಕೆಂದು ಯೋಚಿಸಿತು. ಮಿಲ್ವಾಕಿಯ ವಿನ್ಯಾಸಗಾರ ಬ್ರೂಕ್ಸ್ ಸ್ಟೀವನ್ಸ್ ಅದಕ್ಕೆ ರೂಪ ಕೊಟ್ಟರು. ಸಿಜೆ-5 ಜೀಪಿನ 81 ಇಂಚಿನ ಗಾಲಿಯಂತರವನ್ನೇ ಉಳಿಸಿಕೊಂಡು, ಚಾಲಕನನ್ನು ಮುಂದಕ್ಕೆ ತಳ್ಳಿ ಎಂಜಿನ್ ಪಕ್ಕ ಕೂರಿಸಿದರು. ಹಿಂದೆಲ್ಲ ತೊಟ್ಟಿಗೆ ಬಿಟ್ಟುಕೊಟ್ಟರು. ಒಟ್ಟು 12 ಅಡಿ ಚಿಲ್ಲರೆ ಉದ್ದದ ಗಾಡಿಯಲ್ಲಿ 6 ಅಡಿಗೂ ಮಿಕ್ಕಿದ ತೊಟ್ಟಿ. 1956ರ ಕೊನೆಗೆ ಎಫ್‌ಸಿ-150 ಬಂತು, ಮರುವರ್ಷ ಅದಕ್ಕಿಂತ ಉದ್ದದ ಎಫ್‌ಸಿ-170. ಮೊದಲ 150ಕ್ಕೆ ಗಾಲಿಗಳ ನಡುವಿನ ಅಗಲ ಸಾಲದೆ ತಲೆಭಾರವಾಗಿತ್ತು. 1958ರಲ್ಲಿ ಅಚ್ಚನ್ನು ಅಗಲ ಮಾಡಿದರು. ಆದರೂ ಅಮೆರಿಕನ್ನರಿಗೆ ಈ ಮೂಗುಮುರುಕ ಹಿಡಿಸಲಿಲ್ಲ. ಎಲ್ಲ ಮಾದರಿ ಸೇರಿ 30 ಸಾವಿರದಷ್ಟು ಮಾರಿ 1965ರಲ್ಲಿ ಕೈಬಿಟ್ಟರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ 1965. ಟೊಲೆಡೊದಲ್ಲಿ ನಿಂತ ವರ್ಷವೇ ಮುಂಬೈಯಲ್ಲಿ ಮಹೀಂದ್ರ ಕಂಪನಿ ಎಫ್‌ಸಿ-150 ತಯಾರಿಸಲು ತೊಡಗಿತು. ಅಲ್ಲಿ ಒಂದು ದಶಕ ಪೂರ್ತಿ ಬಾಳದ ಗಾಡಿ ಇಲ್ಲಿ ರೂಪ ಬದಲಿಸುತ್ತ ತೊಂಬತ್ತರ ದಶಕದವರೆಗೂ ಬಾಳಿತು.

ಮಹೀಂದ್ರದ ಕಥೆ ಗೊತ್ತಿರುವುದೇ, ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 1945ರಲ್ಲಿ ಮಹೀಂದ್ರ ಸೋದರರು ಮಲಿಕ್ ಗುಲಾಮ್ ಮೊಹಮ್ಮದ್ ಜೊತೆ ಸೇರಿ ಉಕ್ಕಿನ ವ್ಯಾಪಾರಕ್ಕೆ ಕಟ್ಟಿದ ಕಂಪನಿ ಅದು. ದೇಶ ಒಡೆದಾಗ ಪಾಲುದಾರ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ಲೂ ಆದರು. ಕಂಪನಿಯ ಹೆಸರಿನ ‘ಮೊಹಮ್ಮದ್’ ಜಾಗಕ್ಕೆ ಇನ್ನೊಂದು ‘ಮಹೀಂದ್ರ’ ಬಂತು. ನಲವತ್ತರ ದಶಕ ಮುಗಿಯುವಷ್ಟರಲ್ಲಿ ಮುಂಬೈಯ ಮಜಗಾಂವ್‌ನಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ನಡೆದಿತ್ತು.

ಎಫ್‌ಸಿ ಇಲ್ಲಿಗೆ ಬಂದ ಮೇಲೆ ಯಾರೂ ಅದನ್ನು ಬಂದ ಹಾಗೆ ಇರಗೊಡಲಿಲ್ಲ. ಟೊಲೆಡೊದ ಪಟ್ಟಿಯಲ್ಲಿ 150 ಮತ್ತು 170 ಇದ್ದವು, ನಮ್ಮಲ್ಲಿ ನಡುವೆ 160 ಎಂಬುದೂ ಬಂತು. ಇದೇ ಚಾಸಿಯ ಮೇಲೆ ಆಂಬುಲೆನ್ಸು, ಶಾಲಾ ವ್ಯಾನು, ಮಿನಿ ಬಸ್ಸು ಕಟ್ಟಿದರು. ಬಾಡಿ ಕಟ್ಟುವವರು ಊರೂರಿಗೂ ಇದ್ದರು, ಮರದ ಚೌಕಟ್ಟಿಗೆ ತಗಡು ಹೊಡೆದರೆ ಬಸ್ಸಾಗುತ್ತಿತ್ತು. ಪೆಟ್ರೋಲ್ ದುಬಾರಿಯಾದಾಗ ಡೀಸೆಲ್ ಬಂತು. ಮಹೀಂದ್ರ ಕಂಪನಿಯೇ ಫ್ರಾನ್ಸಿನ ಪೂಜೊದಿಂದ ಪರವಾನಗಿ ಪಡೆದು 2112 ಸಿಸಿಯ ಡೀಸೆಲ್ ಎಂಜಿನ್ ಮಾಡತೊಡಗಿತು. 1985ರ ಎಂಎಂ 540 ಜೀಪಿನಲ್ಲಿ ಇದ್ದದ್ದು ಅದೇ. ಹಳೇ ಪೆಟ್ರೋಲ್ ಗಾಡಿಗಳ ಹೊಟ್ಟೆ ಬಗೆದು ಇಂಥ ಡೀಸೆಲ್ ಕೂರಿಸುವುದೇ ಎಷ್ಟೋ ಮೇಸ್ತ್ರಿಗಳ ಬದುಕಾಯಿತು. ಹರಿಯಾಣದ ಮಂಡಿ ಡಬ್ವಾಲಿ ಎಂಬ ಪೇಟೆ ಇವತ್ತಿಗೂ ಹೀಗೆ ಕಟ್ಟಿದ ಜೀಪುಗಳಿಂದಲೇ ಹೆಸರುವಾಸಿ. ನಮ್ಮ ಮಲೆನಾಡು, ಕೊಡಗಿನ ಜೀಪುಗಳಲ್ಲೂ ಹುಟ್ಟುವಾಗಿನ ಎಂಜಿನ್ನೇ ಇರುವಂಥವು ಎಷ್ಟಿವೆಯೋ!

ಎಂಬತ್ತರ ದಶಕದ ನಡುವೆ ಜಪಾನಿಯರ ತಂತ್ರಜ್ಞಾನ ಒಮ್ಮೆಲೇ ನುಗ್ಗಿತು: ಡಿಸಿಎಂ ಟೊಯೊಟಾ, ಆಲ್ವಿನ್ ನಿಸ್ಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ. ಅವಕ್ಕೆ ಎದುರಾಗಿ 1986ರಲ್ಲಿ ಟಾಟಾ 407 ಇಳಿಸಿ ಗೆದ್ದಿತು. 1988ರಲ್ಲಿ ಟಾಟಾಮೊಬೈಲ್ ಪಿಕಪ್ ಬಂತು, 2000ದಲ್ಲಿ ಬೊಲೆರೊ. ನಾಶಿಕ್‌ನ ಸಾತ್ಪೂರ್ ಕಾರ್ಖಾನೆಯಿಂದ ಬೊಲೆರೊಗಳು ಹೊರಬೀಳತೊಡಗಿದ ಮೇಲೆ ನಿಫಾಡ್‌ನ ತೋಟಗಳಲ್ಲಿ ಎಫ್‌ಸಿಯನ್ನು ಕೇಳುವವರಿರಲಿಲ್ಲ.

ಕೇಳುವವರಿಲ್ಲದ ಗಾಡಿಗೆ ದ್ರಾಕ್ಷಿ ತೋಟದಲ್ಲಿ ಒಂದು ಕೊನೆಯ ಕೆಲಸ ಇತ್ತು, ಔಷಧಿಯ ಡ್ರಮ್ ಹೊರುವುದು. ಕಾಕಾ ಕೊಂಡ ಗಾಡಿಯ ಆಯುಷ್ಯ ತಿಂದದ್ದು ಅದೇ. ದ್ರಾಕ್ಷಿಗೆ ಹೊಡೆಯುವ ಬೋರ್ಡೋ ದ್ರಾವಣ ಅಡಿಕೆಯವರಿಗೆ ಚೆನ್ನಾಗಿ ಗೊತ್ತು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್‌ಮನ್ ಕೊಳೆರೋಗಕ್ಕೆ ಕಂಡುಕೊಂಡ ಮದ್ದು ಅದೇ. ಅದರಲ್ಲಿರುವ ಮೈಲುತುತ್ತವನ್ನು ಬರಿಯ ನೀರಲ್ಲಿ ಕರಗಿಸಿ ಕಬ್ಬಿಣದ ಪಾತ್ರೆಯಲ್ಲಿ ಇಡಬಾರದೆನ್ನುತ್ತಾರೆ, ಕಬ್ಬಿಣ ಕರಗುತ್ತ ತಾಮ್ರ ಅದರ ಮೇಲೆ ಕೂರುತ್ತದೆ. ತೊಟ್ಟಿಯ ತಳ ಹಾಗೆ ಕರಗಿ ಹೋಗಿತ್ತು. ಕಾಕಾ ತೋರಿಸಿದ ಕಡೆ ಬೆರಳೊತ್ತಿದೆ. ತಗಡು ಪದರು ಪದರಾಗಿ ಕಳಚಿ ಅಂಗೈಗೆ ಬಂತು, ಒಂದು ಪದರಿನ ಅಂಚಲ್ಲಿ ನೀಲಿ ಹುಡಿ ಇನ್ನೂ ಮೆತ್ತಿಕೊಂಡಿತ್ತು. ಬಾಗಿಲಿನ ಬಣ್ಣ ಕೆರೆದಲ್ಲಿ ಮೇಲೆ ಕೆಂಪು, ಅದರಡಿ ಹಳದಿ, ಅದರಡಿ ಬಿಳಿ. ಬಿಳಿಯ ಮೇಲೆ ಅಳಿಸಿದ ಕೆಂಪು ಗುರುತಿನ ಒಂದು ಕೈ. ಆಂಬುಲೆನ್ಸೇ ಇದ್ದೀತು.

ಮನೆಯಲ್ಲಿ ಗಾಡಿ ಕಟ್ಟಲು ಹೊರಡುವವರು ಸಾಮಾನ್ಯವಾಗಿ ಬಣ್ಣದಿಂದ ಶುರು ಮಾಡುತ್ತಾರೆ. ಕಾಕಾಗೆ ಅವರನ್ನು ಕಂಡರೆ ಸಿಟ್ಟು. ‘ಮೊದಲ ನಿಲ್ಲಬೇಕು, ಆಮ್ಯಾಲೆ ಓಡಬೇಕು. ಹೊಳಿಯೋದು ಕಡೀಕ’ ಎನ್ನುತ್ತಾರೆ. ಅವರು ಮೊದಲು ಹಿಡಿದದ್ದು ಬ್ರೇಕು. ಆ ಕಾಲದ ಗಾಡಿಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು, ಎಲ್ಲಕ್ಕೂ ಸೇರಿ ಒಂದೇ ಆಯಿಲ್ ದಾರಿ. ಎಲ್ಲೋ ಒಂದು ರಬ್ಬರ್ ಪೈಪು ಒಡೆದರೆ ಪೆಡಲ್ಲು ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಪೈಪುಗಳಿಗೆ ಹೊಸ ಬಿಡಿಭಾಗ. ಆಮೇಲೆ ಕಿಂಗ್ ಪಿನ್, ಪಾಟಾಗಳ ಬುಷ್. ವೆಲ್ಡಿಂಗಿಗೆ ಮುಂಚೆ ಇಂಧನದ ಟ್ಯಾಂಕು ಬಿಚ್ಚಿ ಶೆಡ್ಡಿನ ಹೊರಗೆ ಇಟ್ಟರು. ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಒಳಗೆಲ್ಲ ಹಬೆ ತುಂಬಿರುತ್ತದೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಮುಚ್ಚುವುದು ಪೇಟೆಯ ವಾಡಿಕೆ. ಇವರು ಕೊಳೆತದ್ದನ್ನು ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ, 18 ಗೇಜಿನ ತಗಡು ಕೂರಿಸಿ, ಎರಡೂ ಬದಿಗೆ ರೆಡ್ ಆಕ್ಸೈಡ್ ಬಳಿದರು. ವಿಮಾನದ ಮೈ ಮುಟ್ಟಿದ ಕೈ. ಬೆಸುಗೆಯ ಗೀಟು ಹುಡುಕಿದರೂ ಸಿಗದು.

ತಕರಾರು ಬಂದದ್ದು ಎಂಜಿನ್ ವಿಷಯಕ್ಕೆ. ಹಳೇ ಮಾಲೀಕ ಯಾವತ್ತೋ ಪೆಟ್ರೋಲ್ ಎಂಜಿನ್ ಕಳಚಿ ಪೂಜೊ ಡೀಸೆಲ್ ಹಾಕಿಸಿದ್ದ. ಡಬ್ಬ ಮುಚ್ಚದೆ ಮೇಲೆ ತಗಡಿನ ಪಟ್ಟಿ ಬೆಸೆದು ಎತ್ತರಿಸಿದ್ದ. ಹಳೇ ಆರ್‌ಸಿ ಪುಸ್ತಕದಲ್ಲಿ ಆ ಬದಲಾವಣೆ ರಬ್ಬರ್ ಮೊಹರಿನ ಸಮೇತ ನಮೂದಾಗಿದೆ. ಪುಣೆಯಿಂದ ಬಂದ ಹಳೇಗಾಡಿ ಪ್ರೇಮಿಯೊಬ್ಬರು ಅದನ್ನು ಕಂಡು ಮುಖ ಕಿವುಚಿದರಂತೆ: ಒರಿಜಿನಲ್ ಎಂಜಿನ್ ಹುಡುಕಿ ಹಾಕದಿದ್ದರೆ ಇದನ್ನು ರೆಸ್ಟೊರೇಷನ್ ಅನ್ನಲಾಗದು ಎಂದು. ಕಾಕಾ ಡೀಸೆಲ್ಲನ್ನೇ ಉಳಿಸಿಕೊಂಡರು. ನಾನು ಕಾಕಾನ ಪಕ್ಷ.

ಒರಿಜಿನಲ್ ಎಂಬುದು ಯಾವುದು? ಎಫ್‌ಸಿ ಹುಟ್ಟಿದ್ದೇ ಜೀಪನ್ನು ತಿದ್ದಿ. ಅಮೆರಿಕದ ಗಾಡಿಯನ್ನು ಮುಂಬೈ ತಿದ್ದಿತು, ಮುಂಬೈಯದನ್ನು ಊರಿನ ಮೇಸ್ತ್ರಿ ತಿದ್ದಿದ. ಈ ಜಗಳ ಶೆಡ್ಡಿನಲ್ಲಷ್ಟೇ ಅಲ್ಲ, ಸಮುದ್ರದಾಚೆಯೂ ನಡೆದಿದೆ. ಮಹೀಂದ್ರ ತನ್ನ ಜೀಪಿನ ವಂಶದ ರಾಕ್ಸರ್ ಎಂಬ ಗಾಡಿಯನ್ನು ಅಮೆರಿಕದಲ್ಲಿ ಮಾರತೊಡಗಿದಾಗ, ಜೀಪ್ ಹೆಸರಿನ ಒಡೆತನ ಹೊಂದಿದ್ದ ಫಿಯಟ್ ಕ್ರೈಸ್ಲರ್ 2018ರಲ್ಲಿ ಅಲ್ಲಿಯ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರಿತು. ಚಪ್ಪಟೆ ಬದಿ, ಪೆಟ್ಟಿಗೆಯಂಥ ಮೈ, ಬಾನೆಟ್ಟಿನ ಆಕಾರ, ಇವೆಲ್ಲ ನಮ್ಮವು ಎಂಬ ವಾದ. ಎಪ್ಪತ್ತು ವರ್ಷಗಳಿಂದ ಪರವಾನಗಿ ಪಡೆದು ಮಾಡುತ್ತ ಬಂದವರಿಗೆ, ನೀವು ಮಾಡುತ್ತಿರುವುದು ನಮ್ಮ ಮುಖ ಎಂದರೆ ಹೇಗಿರಬೇಡ! 2020ರಲ್ಲಿ ತೀರ್ಪು ಫಿಯಟ್ ಕಡೆಗೆ ಹೋಯಿತು. ಮಹೀಂದ್ರ ರಾಕ್ಸರ್‌ನ ಮುಖ ತಿದ್ದಿದ ಮೇಲೆ, ಅದೇ ವರ್ಷದ ಕೊನೆಗೆ, ಹೊಸ ರೂಪಕ್ಕೆ ಒಪ್ಪಿಗೆ ಸಿಕ್ಕಿತು.

ನಮ್ಮ ಕಾನೂನೂ ಒರಿಜಿನಲ್ ಕಡೆಗೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ರಸ್ತೆಯ ಸುರಕ್ಷತೆಗೆ ಇದು ಬೇಕು, ಚಾಸಿ ಕತ್ತರಿಸಿ ಉದ್ದ ಮಾಡಿದವರನ್ನು ನಾನೂ ಕಂಡಿದ್ದೇನೆ. ನನ್ನ ತಕರಾರಿರುವುದು 2021ರ ಜುಲೈಯಲ್ಲಿ ಬಂದ ವಿಂಟೇಜ್ ವಾಹನ ನಿಯಮದ ಮೇಲೆ. ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು, ವ್ಯಾಪಾರಕ್ಕೆ ಬಳಸುವಂತಿಲ್ಲ. ಹಾಗಿದ್ದರೆ 20 ಸಾವಿರ ರೂಪಾಯಿ ಕಟ್ಟಿ ‘ವಿಎ’ ಸಾಲಿನ ನಂಬರು ಪಡೆಯಬಹುದು, 10 ವರ್ಷ ಚಿಂತೆಯಿಲ್ಲ. ಮಹಾರಾಜರ ಗ್ಯಾರೇಜಿನಲ್ಲಿ ಮಕಮಲ್ಲು ಹೊದ್ದು ಮಲಗಿದ್ದ ಕಾರಿಗೆ ಹೇಳಿ ಮಾಡಿಸಿದ ನಿಯಮ. ದುಡಿದ ಗಾಡಿ ಯಾವುದೂ ಇದರೊಳಗೆ ಬರುವುದಿಲ್ಲ. ಎಂಜಿನ್ ಬದಲಿಸದೆ, ತೊಟ್ಟಿ ಕಟ್ಟಿಸದೆ ಐವತ್ತು ವರ್ಷ ಈರುಳ್ಳಿ ಹೊತ್ತ ಪಿಕಪ್ ಇದ್ದರೆ ನನಗೂ ತೋರಿಸಿ. ಬದಲಾದದ್ದರಿಂದಲೇ ಅದು ಉಳಿದದ್ದು, ಬದಲಾಯಿತೆಂದೇ ಅದಕ್ಕೆ ಮಾನ್ಯತೆ ಇಲ್ಲ. ಕಾಕಾನ ಗಾಡಿ ಇಂದಿಗೂ ಸಾಮಾನು ಸಾಗಣೆಯ ವಾಹನವೇ, ಪ್ರತಿವರ್ಷ ಫಿಟ್‌ನೆಸ್‌ಗೆ ಸಾಲು ನಿಲ್ಲಬೇಕು.

ಕಾರುಗಳಿಗೆ ಧರ್ಮಸ್ಥಳದಲ್ಲಿ ಮಂಜೂಷಾ ಮ್ಯೂಸಿಯಂ ಇದೆ, ಶ್ರೀರಂಗಪಟ್ಟಣದ ಬಳಿ ಪಯಣ ಇದೆ. ನಿಫಾಡ್‌ನಿಂದ ದಕ್ಷಿಣಕ್ಕೆ ಹೋದರೆ ಅಹಮದ್‌ನಗರದಲ್ಲಿ (ಈಗಿನ ಅಹಿಲ್ಯಾನಗರ) ಯುದ್ಧ ಟ್ಯಾಂಕುಗಳಿಗೂ ಮ್ಯೂಸಿಯಂ ಇದೆ. ರೈತನ ಮಾಲು ಹೊತ್ತ ಗಾಡಿಗಳಿಗೆಂದೇ ಒಂದು ಜಾಗ ಆಗಬೇಕಾದರೆ ಅದು ಲಾಸಲಗಾಂವ್ ಅಥವಾ ಪಿಂಪಳಗಾಂವ್‌ನ ಮಾರುಕಟ್ಟೆ ಅಂಗಳದಲ್ಲೇ ಆಗಬೇಕು. ಸಾತ್ಪೂರ್‌ನಲ್ಲಿ ಗಾಡಿ ಮಾಡುವ ಕಂಪನಿ ಮನಸ್ಸು ಮಾಡಿದರೆ ಒಂದು ಶೆಡ್ಡು ಕಟ್ಟಿಸುವುದು ದೊಡ್ಡ ಮಾತಲ್ಲ.

ಅಲ್ಲಿಯವರೆಗೆ ಒಂದು ಕೋರಿಕೆ. ನಿಮ್ಮ ತೋಟದ ಮೂಲೆಯಲ್ಲೋ, ಹಳೇ ಶಾಲೆಯ ಹಿಂದೆಯೋ, ಮುಚ್ಚಿದ ಅಕ್ಕಿ ಗಿರಣಿಯ ಅಂಗಳದಲ್ಲೋ ಮೂತಿಯಿಲ್ಲದ ಮಹೀಂದ್ರ ನಿಂತಿದ್ದರೆ ಗುಜರಿಗೆ ತೂಗಿ ಕೊಡಬೇಡಿ. ಆರ್‌ಸಿ ಪುಸ್ತಕ ಹುಡುಕಿ ತೆಗೆದಿಡಿ, ಚಾಸಿ ನಂಬರಿನ ತಗಡು ಒರೆಸಿ ಫೋಟೊ ತೆಗೆದುಕೊಳ್ಳಿ, ಎಂಜಿನ್ ಮೇಲಿನ ಡಬ್ಬ ಕಳೆಯದಂತೆ ನೋಡಿಕೊಳ್ಳಿ. ಬ್ರೇಕಿನ ರಬ್ಬರು, ಬುಷ್ಷು ಪೇಟೆಯಲ್ಲಿ ಇವತ್ತಿಗೂ ಸಿಗುತ್ತವೆ. ಆ ಡಬ್ಬ ಸಿಗುವುದಿಲ್ಲ.