ತಾತ, ಮೊಮ್ಮಗ ಮತ್ತು ವೆಸ್ನಾತ್ ಯುದ್ಧ

ಕಂಪ್ಯೂಟರ್ ಗೇಮ್ ಎಂದರೆ ನಮ್ಮಲ್ಲಿ ಅನೇಕ ತಂದೆತಾಯಿಯರು ಮೂಗು ಮುರಿಯುತ್ತೇವೆ. "ಕಣ್ಣೂ ಹಾಳು, ಓದೂ ಹಾಳು" ಎಂಬುದು ಎಲ್ಲರ ಮನೆಯ ಮಂತ್ರ! ಆದರೆ ಚದುರಂಗದಂತೆ ಸರದಿ ಕಾದು, ಯೋಚಿಸಿ ನಡೆಸುವ ಗೇಮ್‌ಗಳೂ ಇವೆ. ಫ್ಲೋರಲ್ ಪಾರ್ಕಿನ ನಮ್ಮ ಮನೆಯಲ್ಲಿ ಒಂದಿಡೀ ಚಳಿಗಾಲ ಅಂಥದೇ ಒಂದು ಆಟದಲ್ಲಿ ಕಳೆಯಿತು.

ಅದರ ಹೆಸರು 'ಬ್ಯಾಟಲ್ ಫಾರ್ ವೆಸ್ನಾತ್'. 2003ರಲ್ಲಿ ಡೇವಿಡ್ ವೈಟ್ ಎಂಬವರು ಆರಂಭಿಸಿದ್ದು. ಸ್ವಯಂಸೇವಕರು ಬೆಳೆಸಿಕೊಂಡು ಬಂದಿರುವ ಈ ಆಟಕ್ಕೆ ಕಾಸು ಕೊಡಬೇಕಿಲ್ಲ. ನಾವು ಆರಿಸಿಕೊಂಡ ಕಥೆ 'ಏರ್ ಟು ದಿ ಥ್ರೋನ್'. ಕಾಡಿನ ಎಲ್ಫ್‌ಗಳ ನಡುವೆ ಬೆಳೆದ ಕಾನ್ರಾಡ್, ಮುದಿ ಮಾಂತ್ರಿಕ ಡೆಲ್ಫಡಾರನ ಜೊತೆಗೂಡಿ, ದುಷ್ಟ ರಾಣಿ ಆಶೆವಿಯರ್‌ಳಿಂದ ಸಿಂಹಾಸನ ಮರಳಿ ಪಡೆಯಲು ಹೊರಡುತ್ತಾನೆ. "ಇದು ನಮ್ಮ ಪಾಂಡವರ ಕಥೆಯೇ ಅಲ್ಲವೇನೋ ಪುಟ್ಟ!" ಎಂದರು ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ನಮ್ಮ ತಂದೆ. ಹಿಮ ಬಿದ್ದು ಹಿಲ್‌ಸೈಡ್ ಅವೆನ್ಯೂವಿನ ಅಂಗಡಿಗೂ ನಡೆದು ಹೋಗಲಾಗದೆ ಬೇಸರದಲ್ಲಿದ್ದ ಅವರು, ಹತ್ತು ವರ್ಷದ ಮೊಮ್ಮಗನ ಪಕ್ಕ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಆಟದ ಸೊಗಸು ಅದರ ನಿಯಮಗಳಲ್ಲಿದೆ. ಆರು ಸರದಿಗೆ ಒಂದು ದಿನ. ಕುದುರೆ ಸವಾರರಂಥವರಿಗೆ ಹಗಲಲ್ಲಿ ಬಲ ಶೇ. 25 ಹೆಚ್ಚು, ರಾತ್ರಿ ಅಷ್ಟೇ ಕಡಿಮೆ. ಓರ್ಕ್ ಎಂಬ ರಕ್ಕಸರಿಗೆ ಇದರ ತದ್ವಿರುದ್ಧ. ಎಲ್ಫ್‌ಗಳು ಕಾಡಿನಲ್ಲಿ ನಿಂತರೆ ಏಟು ತಾಗುವುದೇ ಕಷ್ಟ, ಬಯಲಿಗೆ ಬಂದರೆ ಕೆಟ್ಟರು. "ತಾತ, ಈಗ ಕತ್ತಲೆ, ಮುಂದೆ ಹೋಗೋದು ಬೇಡ!" ಎಂದು ಮಗ ಕೂಗುವುದು ಅಡುಗೆಮನೆಗೂ ಕೇಳುತ್ತಿತ್ತು.

ಒಂದು ಘಟ್ಟದಲ್ಲಿ ಬದುಕುಳಿದವರನ್ನು ಮುಂದಿನ ಘಟ್ಟಕ್ಕೆ ತಲಾ 20 ಚಿನ್ನದ ನಾಣ್ಯ ಕೊಟ್ಟು ಕರೆಸಿಕೊಳ್ಳಬಹುದು. ಅನುಭವ ಕೂಡಿದಂತೆ ಅವರ ದರ್ಜೆ ಏರುತ್ತದೆ. ಸತ್ತವರು ಮಾತ್ರ ಮತ್ತೆ ಬರುವುದಿಲ್ಲ. ಗಾಯ ವಾಸಿಮಾಡುವ ಒಬ್ಬ ಎಲ್ಫ್ ಹೆಂಗಸನ್ನು ಮಗ ಆರಂಭದಿಂದಲೂ ಜೋಪಾನವಾಗಿ ಬೆಳೆಸಿದ್ದ. ಒಂದು ರಾತ್ರಿಯ ಸರದಿಯಲ್ಲಿ ಅವಳು ಓರ್ಕ್‌ಗಳಿಗೆ ಬಲಿಯಾದಳು. ಉಳಿಸಿಟ್ಟ ಹಳೆಯ ಆಟವನ್ನು ತೆರೆದರೆ ಅವಳನ್ನು ಮರಳಿ ಪಡೆಯಬಹುದಿತ್ತು. ಮಗನ ಕಣ್ಣಲ್ಲಿ ನೀರು.

ತಾತ ಬೈಯಲಿಲ್ಲ. ಒಂದು ಹಾಳೆಯ ಮೇಲೆ ಆಡು-ಹುಲಿ ಆಟದ ಮನೆ ಬರೆದರು. 3 ಹುಲಿ, 15 ಆಡು. ಹುಣಸೆ ಬೀಜ ಸಿಗದೆ ಕಡಲೆಕಾಳು! "ಹುಲಿ ತಿಂದ ಆಡು ವಾಪಸು ಬರಲ್ಲ ಮಗು. ಉಳಿದವು ಒಗ್ಗಟ್ಟಾಗಿ ನಿಂತು ಹುಲೀನ ಕಟ್ಟಿಹಾಕಬೇಕು." ಮಗ ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಅವಳಿಲ್ಲದೆಯೇ ಆಟ ಮುಂದುವರಿಸಿದ. ಆ ಘಟ್ಟ ಗೆಲ್ಲಲು ಎರಡು ಸಂಜೆ ಹಿಡಿಯಿತು.

ಮೂರು ಘಟ್ಟ ಉಳಿದಿರುವಾಗಲೇ ತಾತ ಊರಿಗೆ ಹೊರಟರು. ಆಮೇಲೆ ಶನಿವಾರ ಬೆಳಿಗ್ಗೆ ಫೋನಿನಲ್ಲೇ ಯುದ್ಧ! ಇಂಗ್ಲಿಷಿನಲ್ಲೇ ಉತ್ತರ ಕೊಡುವ ನಮ್ಮ ಹುಡುಗ, "ತಾತ, ಎಡಗಡೆ ಹೊಳೆ, ಹಿಂದೆ ಗುಡ್ಡ, ಎಲ್ಲಿ ನಿಲ್ಲಿಸಲಿ?" ಎಂದು ತಡವರಿಸುತ್ತಾ ಕೇಳುತ್ತಿದ್ದ. ಗೊತ್ತಾಗದ ಪದಕ್ಕೆ ಅವರಮ್ಮನನ್ನು ಕೂಗುತ್ತಿದ್ದ. ಕೊನೆಗೂ ಸಿಂಹಾಸನ ಸಿಕ್ಕಿತು.

ಊರಿಂದ ಅಜ್ಜ-ಅಜ್ಜಿ ಬಂದಿರುವ ಮನೆಯವರು ಒಮ್ಮೆ ಪ್ರಯತ್ನಿಸಿ ನೋಡಿ. ಹೊಸಬರಿಗೆ ನಾಲ್ಕೇ ಘಟ್ಟಗಳ 'ಎ ಟೇಲ್ ಆಫ್ ಟೂ ಬ್ರದರ್ಸ್' ಒಳ್ಳೆಯದು. ಪಕ್ಕದಲ್ಲಿ ಒಂದು ಹಿಡಿ ಕಡಲೆಕಾಳೂ ಇರಲಿ!