ಲಿನಕ್ಸ್ ಗಣಕದಲ್ಲಿ ಫೈಲು-ಫೋಲ್ಡರುಗಳ ಅನುಮತಿ

ರಬಕವಿ-ಬನಹಟ್ಟಿಯ ಮಗ್ಗದ ಮಾತುಗಳನ್ನೂ, ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಬೀಳಗಿ ತಾಲೂಕಿನ ಹಳ್ಳಿಗಳ ಹೊಲಗಳ ಹೆಸರುಗಳನ್ನೂ ವಿದ್ಯಾರ್ಥಿಗಳು ಸಂಗ್ರಹಿಸಿ, ಜಮಖಂಡಿಯ ಅಥವಾ ಮುಧೋಳದ ಒಂದು ಕಾಲೇಜಿನ ಲಿನಕ್ಸ್ ಗಣಕದಲ್ಲಿ ಇಟ್ಟಿರುವರೆಂದು ಭಾವಿಸೋಣ. ಹೇಳಿದ ಹಿರಿಯರು ತೀರಿಕೊಂಡ ಮೇಲೆ ಆ ಹೊಲಗಳ ಹೆಸರನ್ನು ಮತ್ತೊಮ್ಮೆ ಕೇಳಿ ಬರೆದುಕೊಳ್ಳುವಂತಿಲ್ಲ. ಆದುದರಿಂದ ಅಂಥ ಫೈಲನ್ನು ಓದತಕ್ಕವರಾರು, ತಿದ್ದತಕ್ಕವರಾರು, ಅಳಿಸಬಲ್ಲವರಾರು ಎಂಬುದು ಗಣಕಶಾಸ್ತ್ರದವರಿಗೇ ಬಿಟ್ಟುಬಿಡತಕ್ಕ ವಿಷಯವಲ್ಲ.

1991ರಲ್ಲಿ ಹುಟ್ಟಿದ ಲಿನಕ್ಸ್ ಈ ವ್ಯವಸ್ಥೆಯನ್ನು ತನಗಿಂತ ಹಿಂದಿನ ಯುನಿಕ್ಸಿನಿಂದ ಪಡೆಯಿತು. ಪ್ರತಿಯೊಂದು ಫೈಲಿಗೂ ಒಬ್ಬ ಒಡೆಯನೂ ಒಂದು ಗುಂಪೂ ಉಂಟು. ಉಳಿದವರೆಲ್ಲರೂ ಮೂರನೆಯ ವರ್ಗ. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂದು ಅಂಕಗಳಿವೆ. 640 ಎಂದರೆ ಒಡೆಯನು ಓದಿ ಬರೆಯಬಹುದು, ಗುಂಪಿನವರು ಓದಬಹುದು, ಇತರರಿಗೆ ಏನೂ ಇಲ್ಲ.

ಫೋಲ್ಡರಿಗೆ ಬಂದಾಗ ಇವೇ ಅಂಕಗಳ ಅರ್ಥವು ಬೇರೆಯಾಗುತ್ತದೆ. ಫೋಲ್ಡರೆಂಬುದು ನಿಜವಾಗಿ ಹೆಸರುಗಳ ಒಂದು ಪಟ್ಟಿ. ಇಲ್ಲಿ 4 ಎಂದರೆ ಪಟ್ಟಿಯನ್ನು ನೋಡುವುದು. 1 ಎಂದರೆ ಅದರ ಮೂಲಕ ಒಳಗೆ ಹಾಯುವುದು. 2 ಎಂದರೆ, 1 ಜೊತೆಗಿದ್ದಲ್ಲಿ, ಪಟ್ಟಿಗೆ ಹೆಸರನ್ನು ಸೇರಿಸುವುದು ಅಥವಾ ತೆಗೆಯುವುದು. ವಾಡೆಯ ಹೆಬ್ಬಾಗಿಲು ಮುಚ್ಚಿದ್ದರೆ ಒಳಗಿನ ಕೋಣೆಯು ತೆರೆದಿದ್ದೂ ಫಲವಿಲ್ಲ. ಉಬುಂಟುವಿನಲ್ಲಿ ಹೊಸ ಬಳಕೆದಾರನ ಮನೆ-ಫೋಲ್ಡರು ಹಿಂದೆ 755 ಆಗಿದ್ದು, 2021ರ 21.04ನೆಯ ಆವೃತ್ತಿಯಿಂದ 750 ಆಗಿದೆ. ಆದಕಾರಣ ಅಧ್ಯಾಪಕರು ತಮ್ಮ ಮನೆ-ಫೋಲ್ಡರಿನೊಳಗೆ ಎಲ್ಲರಿಗಾಗಿ ಒಂದು ಫೋಲ್ಡರನ್ನು ತೆರೆದಿಟ್ಟರೂ ವಿದ್ಯಾರ್ಥಿಗಳು ಅಲ್ಲಿಗೆ ತಲುಪಲಾರರು. ಆಗ ಬೇಸತ್ತು ಎಲ್ಲಕ್ಕೂ 777 ಕೊಡುವ ರೂಢಿಯೊಂದಿದೆ. ಅದು ಊರಿಗೆಲ್ಲ ಬೀಗದ ಕೈ ಹಂಚಿದಂತೆಯೇ ಸರಿ. ಸಾಮಾನ್ಯ ಫೋಲ್ಡರನ್ನು ಯಾರೊಬ್ಬರ ಮನೆಯಲ್ಲೂ ಇಡದೆ ಹೊರಗೆ ಇಡುವುದೇ ಮೇಲು.

ಆದರೂ ಅಲ್ಲಿ ಒಂದು ಅಪಾಯವು ಉಳಿಯುತ್ತದೆ; ನಾವು ಮುಖ್ಯವಾಗಿ ಹೇಳಬೇಕಾದುದೂ ಇದನ್ನೇ. ಫೈಲಿಗೆ 444 ಕೊಟ್ಟು ಯಾರೂ ಬರೆಯದಂತೆ ಮಾಡಿದ ವಿದ್ಯಾರ್ಥಿಯು ತನ್ನ ಸಂಗ್ರಹವು ಭದ್ರವಾಯಿತೆಂದು ನಂಬುತ್ತಾನೆ. ಅದು ತಪ್ಪು. ಅಳಿಸುವುದೆಂದರೆ ಪಟ್ಟಿಯಿಂದ ಹೆಸರನ್ನು ತೆಗೆಯುವುದು, ಪಟ್ಟಿಯು ಫೋಲ್ಡರಿನದು. ಫೋಲ್ಡರು 770 ಆಗಿದ್ದರೆ ಗುಂಪಿನ ಯಾವನಾದರೂ ಆ ಫೈಲನ್ನು ಅಳಿಸಬಲ್ಲನು, ತಿದ್ದಲಾರದವನೂ ಅಳಿಸಬಲ್ಲನು!

ಇದಕ್ಕೆ ಪರಿಹಾರವು ಮೂರು ಅಂಕಗಳ ಮುಂದೆ ಬರುವ ನಾಲ್ಕನೆಯ ಅಂಕದಲ್ಲಿದೆ. ಅಲ್ಲಿ 1 ಇದ್ದರೆ, ಫೈಲಿನ ಒಡೆಯನೋ ಫೋಲ್ಡರಿನ ಒಡೆಯನೋ ಯಂತ್ರದ ಮೇಲ್ವಿಚಾರಕನೋ ಹೊರತು ಮತ್ತಾರೂ ಅಳಿಸಲಾರರು, ಹೆಸರನ್ನೂ ಬದಲಿಸಲಾರರು. ಅದಕ್ಕೆ 2 ಸೇರಿಸಿದರೆ, ಒಳಗೆ ಹೊಸದಾಗಿ ಹುಟ್ಟುವ ಫೈಲುಗಳು ಫೋಲ್ಡರಿನ ಗುಂಪಿಗೇ ಸೇರುತ್ತವೆ. ಹೀಗೆ ‘ಚ್‌ಮಾಡ್’ ಆಜ್ಞೆಯಿಂದ 3770 ಎಂದು ಗೊತ್ತುಮಾಡಿದ ಫೋಲ್ಡರಿನಲ್ಲಿ ಮಗ್ಗದ ಪದಗಳನ್ನು ಬರೆದವನು ಹೊಲಗಳ ಹೆಸರಿನ ಪಟ್ಟಿಯನ್ನು ಓದಬಲ್ಲನು, ಅಳಿಸಲಾರನು. ಒಡೆಯನೇ ಕೈತಪ್ಪಿ ಅಳಿಸಿದಲ್ಲಿ ಮಾತ್ರ ಯಾವ ಅಂಕವೂ ತಡೆಯದು; ಅದಕ್ಕೆ ಇನ್ನೊಂದು ಯಂತ್ರದಲ್ಲಿ ಪ್ರತಿಯನ್ನು ಇಟ್ಟಿರಬೇಕು.