ಪೆಟ್ಟಿಗೆಯಲ್ಲಿ ಬಂದು ಮನೆಯಲ್ಲಿ ಮೂಡುವ ವಿಮಾನ

ವಿಮಾನವೆಂದರೆ ದೊಡ್ಡ ಕಾರ್ಖಾನೆಯಲ್ಲಿ ನೂರಾರು ಜನ ಸೇರಿ ಕಟ್ಟತಕ್ಕ ವಸ್ತುವೆಂದು ನಮ್ಮಲ್ಲಿ ಹಲವರ ತಿಳಿವಳಿಕೆ. ಅಮೆರಿಕೆಯಲ್ಲಾದರೋ ಸಂಬಳದ ನೌಕರರು, ಉಪಾಧ್ಯಾಯರು, ನಿವೃತ್ತರು ತಮ್ಮ ಮನೆಯ ಕಾರುಷೆಡ್ಡಿನಲ್ಲಿ, ಕೆಲಸ ಮುಗಿದ ಮೇಲಿನ ಬಿಡುವಿನಲ್ಲಿ, ಇಬ್ಬರು ಕುಳಿತುಕೊಳ್ಳುವ ವಿಮಾನವನ್ನು ಸ್ವಹಸ್ತದಿಂದ ಕಟ್ಟಿ ಹಾರಿಸುತ್ತಿರುವರು.

ಆರೆಗನ್ ಸಂಸ್ಥಾನದ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಎಂಬ ಎಂಜಿನಿಯರರು 1973ರಲ್ಲಿ ಸ್ಥಾಪಿಸಿದ ‘ವ್ಯಾನ್ಸ್ ಏರ್‌ಕ್ರಾಫ್ಟ್’ ಈ ವ್ಯಾಪಾರದಲ್ಲಿ ಅಗ್ರಗಣ್ಯವಾದುದು. ಅದು ಮುಖ್ಯವಾಗಿ ಮಾರುವುದು ವಿಮಾನವನ್ನಲ್ಲ, ವಿಮಾನದ ಬಿಡಿಭಾಗಗಳನ್ನು. ಮೊದಲು ಬಾಲದ ಪೆಟ್ಟಿಗೆ, ಕೈಯಲ್ಲಿ ಹಣ ಕೂಡಿದಾಗ ರೆಕ್ಕೆಯದು, ಆಮೇಲೆ ಒಡಲಿನದು. ಎಂಜಿನು ಮತ್ತು ಪಂಖದ ಖರ್ಚು ಬೇರೆ. ಇಬ್ಬರು ಪಕ್ಕಪಕ್ಕದಲ್ಲಿ ಕೂರುವ ಆರ್.ವಿ.-6 ಇವರ ಮಾದರಿಗಳಲ್ಲಿ ಬಹು ಜನಪ್ರಿಯವಾಯಿತು. ಎಲ್ಲ ಮಾದರಿಗಳೂ ಸೇರಿ ಹನ್ನೊಂದು ಸಾವಿರಕ್ಕೂ ಮಿಕ್ಕಿ ವಿಮಾನಗಳು ಹೀಗೆ ಮನೆಗಳಲ್ಲಿ ಸಿದ್ಧವಾಗಿ ಹಾರಿವೆ.

ಕೆಲಸವೇನು? ಅಲ್ಯುಮಿನಿಯಂ ತಗಡುಗಳನ್ನು ಸಾವಿರಾರು ರಿವೆಟ್‌ಗಳಿಂದ ಜೋಡಿಸುವುದು. ಒಬ್ಬರು ಈಚೆಯಿಂದ ಗನ್ನಿನಲ್ಲಿ ಬಡಿದರೆ, ಮತ್ತೊಬ್ಬರು ಆಚೆಯಿಂದ ಉಕ್ಕಿನ ತುಂಡನ್ನು ಆನಿಸಿ ಹಿಡಿಯಬೇಕು. ಅನೇಕ ಮನೆಗಳಲ್ಲಿ ಈ ಎರಡನೆಯ ಕೈ ಹೆಂಡತಿಯದು. ತಲೆ ಸೊಟ್ಟಾದ ರಿವೆಟ್ಟನ್ನು ಕೊರೆದು ತೆಗೆದು ಹೊಸದನ್ನು ಹಾಕಬೇಕು. ಒಂದು ವಿಮಾನಕ್ಕೆ ಸಾವಿರದೈನೂರು, ಎರಡು ಸಾವಿರ ಗಂಟೆ ಹಿಡಿಯುವುದು ಸಾಮಾನ್ಯ. ದಿನಕ್ಕೆ ಎರಡು ಗಂಟೆಯಂತೆ ಲೆಕ್ಕ ಹಾಕಿದರೆ ಎಷ್ಟು ವರ್ಷವೆಂಬುದನ್ನು ವಾಚಕರೇ ಕಂಡುಕೊಳ್ಳಲಿ. ಕಾನೂನಿನ ಪ್ರಕಾರ ಕೆಲಸದ ಬಹುಪಾಲು ಹವ್ಯಾಸಿಯ ಕೈಯಿಂದಲೇ ಆಗತಕ್ಕದ್ದು. ವಿಮಾನದ ಮೇಲೆ ‘ಪ್ರಾಯೋಗಿಕ’ ಎಂಬರ್ಥದ ಇಂಗ್ಲಿಷ್ ಪದವನ್ನು ಎದ್ದು ಕಾಣುವಂತೆ ಬರೆಯಿಸಬೇಕು.

ಹೋಟೆಲು ನಡೆಸಿದ ನಮಗೆ ಇಲ್ಲಿ ಒಂದು ಮಾತು ತೋಚುತ್ತದೆ. ಅಡಿಗೆಯವನು ಮಾಡಿದ್ದನ್ನು ಮೊದಲು ಉಣ್ಣುವವನು ಗಿರಾಕಿ. ಇಲ್ಲಿ ಮಾಡಿದವನೇ ಮೊದಲು ಪ್ರಾಣವನ್ನು ಪಣಕ್ಕಿಟ್ಟು ಕೂರಬೇಕು. ಆದರೂ ತಗಡಿನ ಗುಣ ಅವನ ಕೈಯಲ್ಲಿಲ್ಲ, ಕಳುಹಿಸಿದವರ ಕೈಯಲ್ಲಿದೆ.

ಈ ನಂಬಿಕೆಗೆ ಪೆಟ್ಟು ಬಿದ್ದುದು 2023ರಲ್ಲಿ. ಮಹಾಮಾರಿಯ ಕಾಲದಲ್ಲಿ ಬೇಡಿಕೆ ಏರಿದಾಗ, ಸರಬರಾಜನ್ನು ತ್ವರೆಗೊಳಿಸಲು ಅನೇಕ ಭಾಗಗಳ ರಂಧ್ರಗಳನ್ನು ಯಂತ್ರದಿಂದ ಒತ್ತಿ ತೆಗೆಯದೆ ಲೇಸರ್ ಕಿರಣದಿಂದ ಕತ್ತರಿಸಲಾಗಿತ್ತು. ರಿವೆಟ್ಟಿನ ತಲೆ ಸಮತಟ್ಟಾಗಿ ಕೂರಲೆಂದು ರಂಧ್ರದ ಅಂಚನ್ನು ಕುಳಿಯಾಗಿ ಒತ್ತಿದಾಗ, ಅಂಥ ಕೆಲವು ರಂಧ್ರಗಳಲ್ಲಿ ಕೂದಲೆಳೆಯಂತಹ ಬಿರುಕುಗಳು ಕಂಡವು. ಭಾಗಗಳನ್ನು ಬದಲಿಸಿ ಕೊಡುವ ಭಾರ, ಏರಿದ ವೆಚ್ಚ, ಹಳೆಯ ದರಕ್ಕೆ ಒಪ್ಪಿಕೊಂಡ ಸರಕು, ಎಲ್ಲ ಸೇರಿ ಕಂಪನಿ ಕುಸಿಯಿತು. ಸ್ಥಾಪಕರು ಸ್ವಂತ ಹಣವನ್ನು ಸಾಲವಾಗಿ ಸುರಿದರೂ ಸಾಲದೆ, ಡಿಸೆಂಬರ್ 2023ರಲ್ಲಿ ನ್ಯಾಯಾಲಯದ ರಕ್ಷಣೆಯನ್ನು ಬೇಡಬೇಕಾಯಿತು. ಮುಂಗಡ ಕಟ್ಟಿ ಕಾಯುತ್ತಿದ್ದವರಿಗೆ, ಹೆಚ್ಚಿಸಿದ ಬೆಲೆಯನ್ನು ಒಪ್ಪಿದರೆ ಮಾತ್ರ ಪೆಟ್ಟಿಗೆಯೆಂಬ ಉತ್ತರ ಬಂದಿತು. ತಿಂಗಳ ಸಂಬಳದಲ್ಲಿ ಉಳಿಸಿದವನಿಗೆ ಇದು ಎಂಥ ಸಂಕಟವೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. 2024ರಲ್ಲಿ ಕಂಪನಿ ಚೇತರಿಸಿಕೊಂಡು ಮತ್ತೆ ನಡೆಯತೊಡಗಿತು.

ಆದರೆ ಆ ಭಾಗಗಳನ್ನು ಆಗಲೇ ಜೋಡಿಸಿ ಮುಗಿಸಿದ್ದವರ ಪಾಡು ಬೇರೆ. ಪರೀಕ್ಷೆಗಳನ್ನು ನಡೆಸಿದ ಕಂಪನಿಯು ಕೆಲವನ್ನು ಬದಲಿಸಬೇಕೆಂದೂ, ಎಷ್ಟೋ ಭಾಗಗಳು ಬಳಕೆಗೆ ಯೋಗ್ಯವೆಂದೂ ತಿಳಿಸಿತು. ಆ ಮಾತನ್ನು ನಂಬಿ ಮುಚ್ಚಿದ ರೆಕ್ಕೆಯನ್ನು ಹಾಗೆಯೇ ಬಿಡುವುದೋ, ತಿಂಗಳುಗಟ್ಟಲೆಯ ದುಡಿಮೆಯನ್ನು ಒಂದೊಂದೇ ರಿವೆಟ್ಟಾಗಿ ಕೊರೆದು ಬಿಚ್ಚುವುದೋ ಎಂಬುದನ್ನು, ಮುಂದೆ ಅದರಲ್ಲಿ ಕೂರಲಿರುವವನೇ ನಿರ್ಣಯಿಸಬೇಕಾಯಿತು.